ಹಳೆಯ ಡಾಲರ್ ನೋಟು ಸಿಕ್ಕಿದೆಯೇ? ಬೆಲೆ ಕೇಳುವ ಮುನ್ನ ನೋಟನ್ನು ಓದುವುದು ಹೀಗೆ

1890ರ ಸರಣಿಯ 1,000 ಡಾಲರ್‌ನ ಒಂದು ನೋಟು 2014ರ ಜನವರಿಯಲ್ಲಿ ಅಮೆರಿಕದ ಹರಾಜಿನಲ್ಲಿ 32.9 ಲಕ್ಷ ಡಾಲರ್‌ಗೆ ಮಾರಾಟವಾಯಿತು. ಅದರ ಹಿಂಬದಿಯಲ್ಲಿರುವ ಮೂರು ದೊಡ್ಡ ಸೊನ್ನೆಗಳು ಪಟ್ಟೆಯಿರುವ ಕಲ್ಲಂಗಡಿ ಹಣ್ಣಿನಂತೆ ಕಾಣುತ್ತವೆ. ಹಾಗಾಗಿ ಸಂಗ್ರಾಹಕರು ಅದನ್ನು 'ಗ್ರ್ಯಾಂಡ್ ವಾಟರ್‌ಮೆಲನ್' ಎಂದೇ ಕರೆಯುತ್ತಾರೆ.

ಅದಕ್ಕಿಂತ ಐವತ್ತು ವರ್ಷ ಹಳೆಯ, 1840ರ ದಿನಾಂಕವಿರುವ, 1,000 ಡಾಲರ್ ಎಂದೇ ಬರೆದಿರುವ ಇನ್ನೊಂದು 'ನೋಟು' ಇದೆ. ಅದರ ಮೇಲೆ 'ಬ್ಯಾಂಕ್ ಆಫ್ ದಿ ಯುನೈಟೆಡ್ ಸ್ಟೇಟ್ಸ್' ಎಂಬ ಹೆಸರೂ 8894 ಎಂಬ ಕ್ರಮಸಂಖ್ಯೆಯೂ ಇದ್ದರೆ ಅದರ ಬೆಲೆ ಹೆಚ್ಚುಕಡಿಮೆ ಶೂನ್ಯ. ಅದು ಸ್ಮರಣಿಕೆಯಾಗಿ ಲೆಕ್ಕವಿಲ್ಲದಷ್ಟು ಪ್ರತಿಗಳಲ್ಲಿ ಅಚ್ಚಾದ ನಕಲು.

ಅಮೆರಿಕದ ಹಳೆಯ ಕಾಗದದ ಹಣದ ವಿಷಯದಲ್ಲಿ ಹೊಸಬರು ಎಡವುವುದು ಇಲ್ಲೇ. ಹಳೆಯದಾದಷ್ಟೂ ಬೆಲೆ ಹೆಚ್ಚು, ದೊಡ್ಡ ಅಂಕಿ ಇದ್ದಷ್ಟೂ ಬೆಲೆ ಹೆಚ್ಚು ಎಂಬ ಎರಡೂ ನಂಬಿಕೆಗಳು ತಪ್ಪು. ನೋಟಿನ ಬೆಲೆ ನಿಂತಿರುವುದು ಅದರ ವಿಧ, ಸೀಲಿನ ಬಣ್ಣ, ಸರಣಿ, ಸಹಿ, ಕ್ರಮಸಂಖ್ಯೆ ಮತ್ತು ಸ್ಥಿತಿಯ ಮೇಲೆ. ಸ್ಥಿತಿಯೊಂದನ್ನು ಬಿಟ್ಟರೆ ಉಳಿದದ್ದೆಲ್ಲ ನೋಟಿನ ಮೇಲೆಯೇ ಅಚ್ಚಾಗಿರುತ್ತದೆ. ಓದಲು ಗೊತ್ತಿರಬೇಕು, ಅಷ್ಟೇ.

ವಿದೇಶದಲ್ಲಿದ್ದ ಬಂಧುಗಳ ಪೆಟ್ಟಿಗೆಯಲ್ಲಿ ಸಿಕ್ಕ ನೋಟಾಗಲಿ, ಆನ್‌ಲೈನ್‌ನಲ್ಲಿ ಮಾರಾಟಕ್ಕಿಟ್ಟ ನೋಟಾಗಲಿ, ಅದನ್ನು ಗುರುತಿಸುವ ಕ್ರಮ ಇಲ್ಲಿದೆ.

1861ರ ನಂತರದ ನೋಟು ರದ್ದಾಗಿಲ್ಲ

ಭಾರತದಲ್ಲಿ 1946, 1978 ಮತ್ತು 2016ರಲ್ಲಿ ದೊಡ್ಡ ಮುಖಬೆಲೆಯ ನೋಟುಗಳು ಅಮಾನ್ಯವಾದವು. ಅಮೆರಿಕದಲ್ಲಿ ಹೀಗೆ ಆಗಿಲ್ಲ. 1861ರಿಂದ ಈಚೆಗೆ ಅಲ್ಲಿನ ಕೇಂದ್ರ ಸರ್ಕಾರ ಹೊರಡಿಸಿದ ಕರೆನ್ಸಿಯೆಲ್ಲ ಇಂದಿಗೂ ಮುಖಬೆಲೆಗೆ ಮಾನ್ಯ. 1862ರ ಒಂದು ಡಾಲರ್ ನೋಟು ಕಾನೂನಿನ ಪ್ರಕಾರ ಇವತ್ತಿಗೂ ಒಂದು ಡಾಲರೇ.

ಸಂಗ್ರಾಹಕರಿಗೆ ಇದು ಬಹಳ ಮುಖ್ಯ. ಅಸಲಿ ಕೇಂದ್ರ ಸರ್ಕಾರಿ ನೋಟಿನ ಬೆಲೆ ಎಷ್ಟೇ ಕುಸಿದರೂ ಮುಖಬೆಲೆಗಿಂತ ಕೆಳಗೆ ಇಳಿಯುವುದಿಲ್ಲ. ಆದರೆ 1861ಕ್ಕಿಂತ ಹಿಂದಿನ ಖಾಸಗಿ ಬ್ಯಾಂಕುಗಳ ನೋಟು, ಅಂತರ್ಯುದ್ಧ ಕಾಲದ ದಕ್ಷಿಣ ರಾಜ್ಯಗಳ ನೋಟು ಮತ್ತು ನಕಲುಗಳಿಗೆ ಈ ರಕ್ಷಣೆ ಇಲ್ಲ. 'ಅಮೆರಿಕದ ಪುರಾತನ ನೋಟು' ಎಂದು ಅಗ್ಗದಲ್ಲಿ ಮಾರಾಟಕ್ಕೆ ಬರುವವು ಹೆಚ್ಚಾಗಿ ಇವೇ.

ಮೊದಲು ಅಳತೆ ನೋಡಿ

ಮೊದಲ ಪರೀಕ್ಷೆಗೆ ಒಂದು ಸ್ಕೇಲ್ ಸಾಕು. 1929ರ ಜುಲೈಗೆ ಮುನ್ನ ಅಮೆರಿಕದ ನೋಟುಗಳು ಸುಮಾರು 18.7 ಸೆಂ.ಮೀ. ಉದ್ದ, 7.9 ಸೆಂ.ಮೀ. ಅಗಲ ಇದ್ದವು. ಸಂಗ್ರಾಹಕರು ಇವನ್ನು 'ಲಾರ್ಜ್ ಸೈಜ್' ಎನ್ನುತ್ತಾರೆ. ಕುದುರೆಯ ಮೈಮೇಲೆ ಹೊದಿಸುವ ಕಂಬಳಿಯಷ್ಟು ದೊಡ್ಡದು ಎಂಬ ತಮಾಷೆಯಲ್ಲಿ 'ಹಾರ್ಸ್ ಬ್ಲ್ಯಾಂಕೆಟ್' ಎಂಬ ಅಡ್ಡಹೆಸರೂ ಬಂತು.

1929ರ ಜುಲೈನಿಂದ ಬಂದ ನೋಟುಗಳದ್ದು ಈಗಿನದ್ದೇ ಅಳತೆ. ಉದ್ದ ಸುಮಾರು 15.6 ಸೆಂ.ಮೀ., ಅಗಲ 6.6 ಸೆಂ.ಮೀ. ಇವು 'ಸ್ಮಾಲ್ ಸೈಜ್'. ಅಸಲಿ ದೊಡ್ಡ ನೋಟುಗಳ ಸಂಖ್ಯೆ ಕಡಿಮೆಯಾದ್ದರಿಂದ ಸಾಮಾನ್ಯವಾಗಿ ಅವಕ್ಕೆ ಮುಖಬೆಲೆಗಿಂತ ಸಾಕಷ್ಟು ಹೆಚ್ಚಿನ ಬೆಲೆ ಇದೆ. ಸಣ್ಣ ನೋಟುಗಳಲ್ಲಿ ಹೆಚ್ಚಿನವು ಸಾಮಾನ್ಯ, ಕೆಲವು ಮಾತ್ರ ಅಪರೂಪ.

ಇವೆರಡೂ ಅಲ್ಲದ ಚಿಕ್ಕ ಚೀಟಿಯಂಥ ನೋಟು ಸಿಕ್ಕರೆ ಅದು 'ಫ್ರ್ಯಾಕ್ಷನಲ್ ಕರೆನ್ಸಿ' ಇರಬಹುದು. ಅಂತರ್ಯುದ್ಧದ ವೇಳೆ ಜನ ಲೋಹದ ನಾಣ್ಯಗಳನ್ನು ಕೂಡಿಟ್ಟುಕೊಂಡಿದ್ದರಿಂದ ಚಿಲ್ಲರೆಗೆ ಬರ ಬಂತು. 1862ರಿಂದ 1876ರವರೆಗೆ ಸರ್ಕಾರ 3, 5, 10, 15, 25 ಮತ್ತು 50 ಸೆಂಟ್‌ಗಳಿಗೂ ಕಾಗದದ ನೋಟು ಹೊರಡಿಸಿತು. ಇವುಗಳಲ್ಲಿ 5 ಸೆಂಟ್‌ನ ಒಂದು ನೋಟಿನ ಮೇಲೆ ಕರೆನ್ಸಿ ವಿಭಾಗದ ಅಧಿಕಾರಿ ಸ್ಪೆನ್ಸರ್ ಕ್ಲಾರ್ಕ್ ಅವರದ್ದೇ ಚಿತ್ರ ಅಚ್ಚಾಯಿತು. ಅದು ಸಂಸತ್ತಿನ ಸಿಟ್ಟಿಗೆ ಕಾರಣವಾಗಿ, ಜೀವಂತ ವ್ಯಕ್ತಿಗಳ ಚಿತ್ರವನ್ನು ನೋಟಿನ ಮೇಲೆ ಹಾಕಬಾರದೆಂಬ ಕಾನೂನು 1866ರಲ್ಲಿ ಬಂತು.

ಹೆಸರು ಮತ್ತು ಸೀಲಿನ ಬಣ್ಣ

ನಮ್ಮಲ್ಲಿ ಒಂದು ಕಾಲಕ್ಕೆ ಸಾಮಾನ್ಯವಾಗಿ ಒಂದೇ ಬಗೆಯ ನೋಟು ಚಲಾವಣೆಯಲ್ಲಿರುತ್ತದೆ. ಅಮೆರಿಕದಲ್ಲಿ ಹಲವು ದಶಕಗಳ ಕಾಲ ಐದಾರು ಬಗೆಯ ನೋಟುಗಳು ಒಟ್ಟಿಗೇ ಓಡಾಡುತ್ತಿದ್ದವು. ಒಂದಕ್ಕೆ ಬದಲಾಗಿ ಬೆಳ್ಳಿ ಸಿಗುತ್ತಿತ್ತು, ಇನ್ನೊಂದಕ್ಕೆ ಚಿನ್ನ, ಮತ್ತೊಂದಕ್ಕೆ ಸರ್ಕಾರದ ಭರವಸೆ ಮಾತ್ರ. ಯಾವ ಬಗೆ ಎಂಬುದು ನೋಟಿನ ಮೇಲ್ಭಾಗದಲ್ಲೋ ಕೆಳಭಾಗದಲ್ಲೋ ದೊಡ್ಡ ಅಕ್ಷರದಲ್ಲಿ ಇರುತ್ತದೆ. 1929ರ ನಂತರದ ಸಣ್ಣ ನೋಟುಗಳಲ್ಲಿ ಖಜಾನೆಯ ಸೀಲಿನ ಬಣ್ಣ ನೋಡಿದರೇ ಸಾಕು, ಅರ್ಧ ಕೆಲಸ ಮುಗಿದಂತೆ.

• ಕೆಂಪು ಸೀಲ್: ಯುನೈಟೆಡ್ ಸ್ಟೇಟ್ಸ್ ನೋಟ್. 1862ರಲ್ಲಿ ಅಂತರ್ಯುದ್ಧದ ಖರ್ಚಿಗಾಗಿ ಶುರುವಾದ ಬಗೆ. ಕೊನೆಯದಾಗಿ ಬಂದದ್ದು 1966ರ ಸರಣಿಯ 100 ಡಾಲರ್ ನೋಟು.

• ನೀಲಿ ಸೀಲ್: ಸಿಲ್ವರ್ ಸರ್ಟಿಫಿಕೇಟ್. 1878ರಲ್ಲಿ ಆರಂಭ. ಇದನ್ನು ಕೊಟ್ಟು ಖಜಾನೆಯಿಂದ ಬೆಳ್ಳಿ ಪಡೆಯುವ ಅವಕಾಶ 1968ರ ಜೂನ್ 24ಕ್ಕೆ ಕೊನೆಗೊಂಡಿತು. ಈಗ ಇದಕ್ಕೆ ಬೆಳ್ಳಿ ಸಿಗುವುದಿಲ್ಲ, ಮುಖಬೆಲೆ ಮಾತ್ರ.

• ಚಿನ್ನದ ಬಣ್ಣದ ಸೀಲ್: ಗೋಲ್ಡ್ ಸರ್ಟಿಫಿಕೇಟ್. 1933ರಲ್ಲಿ ಅಧ್ಯಕ್ಷ ರೂಸ್ವೆಲ್ಟ್ ಚಿನ್ನವನ್ನೂ ಈ ನೋಟುಗಳನ್ನೂ ಸರ್ಕಾರಕ್ಕೆ ಒಪ್ಪಿಸಬೇಕೆಂದು ಆದೇಶಿಸಿದರು. 1964ರವರೆಗೆ ಇವನ್ನು ಇಟ್ಟುಕೊಳ್ಳುವುದೇ ಅಪರಾಧವಾಗಿತ್ತು. ಈಗ ಅಡ್ಡಿಯಿಲ್ಲ.

• ಕಂದು ಸೀಲ್: ನ್ಯಾಷನಲ್ ಬ್ಯಾಂಕ್ ನೋಟ್, ಇಲ್ಲವೇ ಫೆಡರಲ್ ರಿಸರ್ವ್ ಬ್ಯಾಂಕ್ ನೋಟ್. ಎರಡರಲ್ಲೂ 'ನ್ಯಾಷನಲ್ ಕರೆನ್ಸಿ' ಎಂದಿರುತ್ತದೆ. ಎಡಬದಿಯಲ್ಲಿ ಯಾವ ಬ್ಯಾಂಕಿನ ಹೆಸರಿದೆ ಎಂಬುದನ್ನು ಓದಬೇಕು.

• ಹಸಿರು ಸೀಲ್: ಫೆಡರಲ್ ರಿಸರ್ವ್ ನೋಟ್. 1914ರಿಂದ ಬಂದ ಈ ಬಗೆಯೇ ಇಂದಿಗೂ ಚಲಾವಣೆಯಲ್ಲಿದೆ.

ಒಂದು ಎಚ್ಚರಿಕೆ: ಈ ಬಣ್ಣದ ಸೂತ್ರ ಸಣ್ಣ ನೋಟುಗಳಿಗೆ ಮಾತ್ರ. ದೊಡ್ಡ ನೋಟುಗಳಲ್ಲಿ ಒಂದೇ ಬಗೆಗೆ ಬೇರೆಬೇರೆ ಕಾಲದಲ್ಲಿ ಬೇರೆಬೇರೆ ಬಣ್ಣದ ಸೀಲ್ ಇದ್ದವು. ಅಲ್ಲಿ ಬಣ್ಣಕ್ಕಿಂತ ಹೆಸರನ್ನೇ ನಂಬಬೇಕು.

ಎರಡನೇ ಮಹಾಯುದ್ಧದ ಎರಡು ವಿಶೇಷ ನೋಟುಗಳನ್ನೂ ನೆನಪಿಡಿ. ಪರ್ಲ್ ಹಾರ್ಬರ್ ದಾಳಿಯ ಬಳಿಕ ಹವಾಯಿ ದ್ವೀಪಗಳು ಜಪಾನ್ ವಶವಾದರೆ ಅಲ್ಲಿನ ಹಣವನ್ನಷ್ಟೇ ಅಮಾನ್ಯಗೊಳಿಸಲು ಅನುಕೂಲವಾಗಲೆಂದು, ಕಂದು ಸೀಲಿನ ಜತೆ 'ಹವಾಯಿ' ಎಂಬ ಹೆಚ್ಚುವರಿ ಮುದ್ರಣವಿರುವ ನೋಟುಗಳನ್ನು 1942ರಲ್ಲಿ ಬಿಡುಗಡೆ ಮಾಡಲಾಯಿತು. ಉತ್ತರ ಆಫ್ರಿಕಾದಲ್ಲಿದ್ದ ಸೈನಿಕರಿಗೆ ನೀಲಿಯ ಬದಲು ಹಳದಿ ಸೀಲಿನ ಸಿಲ್ವರ್ ಸರ್ಟಿಫಿಕೇಟ್ ಕೊಡಲಾಯಿತು. ಕೊನೆಗೆ ಯಾವುದನ್ನೂ ಅಮಾನ್ಯಗೊಳಿಸುವ ಪ್ರಸಂಗ ಬರಲಿಲ್ಲ.

ಊರಿನ ಬ್ಯಾಂಕಿನ ಹೆಸರಿದ್ದರೆ ಬಿಡಬೇಡಿ

1863ರಿಂದ 1935ರವರೆಗೆ ಅಮೆರಿಕದ ಊರೂರಿನ ಸಾವಿರಾರು ಬ್ಯಾಂಕುಗಳು ಕೇಂದ್ರದ ಪರವಾನಗಿ ಪಡೆದು ತಮ್ಮ ಹೆಸರಿನಲ್ಲೇ ನೋಟು ಹೊರಡಿಸಿದವು. ಇವೇ ನ್ಯಾಷನಲ್ ಬ್ಯಾಂಕ್ ನೋಟ್‌ಗಳು. ಮುದ್ರಣವೂ ವಿನ್ಯಾಸವೂ ಸರ್ಕಾರದ ಹಿಡಿತದಲ್ಲಿದ್ದವು. ಬ್ಯಾಂಕಿನ ಹೆಸರು, ಊರು, ರಾಜ್ಯ ಮತ್ತು ಚಾರ್ಟರ್ ಸಂಖ್ಯೆ ಮಾತ್ರ ಬದಲಾಗುತ್ತಿದ್ದವು.

ಇಲ್ಲಿ ಬೆಲೆ ನಿರ್ಧರಿಸುವುದು ಊರು. ನ್ಯೂಯಾರ್ಕ್ ಅಥವಾ ಷಿಕಾಗೋದ ದೊಡ್ಡ ಬ್ಯಾಂಕಿನ 1929ರ ನೋಟು ಸುಲಭವಾಗಿ ಸಿಗುತ್ತದೆ. ಅದೇ ವರ್ಷದ, ಅದೇ ವಿನ್ಯಾಸದ, ಆದರೆ ಕೆಲವೇ ವರ್ಷ ಬಾಳಿದ ಹಳ್ಳಿ ಬ್ಯಾಂಕಿನ ನೋಟು ಬೆರಳೆಣಿಕೆಯಷ್ಟೇ ಉಳಿದಿರಬಹುದು. ತಮ್ಮ ಊರಿನ ನೋಟಿಗಾಗಿ ವರ್ಷಗಟ್ಟಲೆ ಹುಡುಕುವ ಸಂಗ್ರಾಹಕರು ಅಮೆರಿಕದಲ್ಲಿದ್ದಾರೆ. ಹಾಗಾಗಿ ಕಂದು ಸೀಲಿನ ನೋಟನ್ನು ಮಾರುವ ಮೊದಲು ಚಾರ್ಟರ್ ಸಂಖ್ಯೆಯನ್ನು ಕ್ಯಾಟಲಾಗ್‌ನಲ್ಲಿ ಪರಿಶೀಲಿಸುವುದು ಕಡ್ಡಾಯ.

ಇಸವಿ ಎಂದರೆ ಅಚ್ಚಾದ ವರ್ಷವಲ್ಲ

ನೋಟಿನ ಮೇಲೆ 'ಸೀರೀಸ್' ಎಂಬ ಪದದ ಮುಂದೆ ಇರುವ ಇಸವಿ ಮುದ್ರಣದ ವರ್ಷವಲ್ಲ. ಆ ವಿನ್ಯಾಸ ಯಾವ ಸರಣಿಗೆ ಸೇರಿದ್ದು ಎಂಬುದನ್ನಷ್ಟೇ ಅದು ಹೇಳುತ್ತದೆ. ಸಣ್ಣಪುಟ್ಟ ಬದಲಾವಣೆ, ಮುಖ್ಯವಾಗಿ ಸಹಿ ಬದಲಾದಾಗ ಇಸವಿಯ ಮುಂದೆ ಎ, ಬಿ, ಸಿ ಎಂದು ಅಕ್ಷರ ಸೇರಿಸುತ್ತಿದ್ದರು.

1935ರ ಸರಣಿಯ ಒಂದು ಡಾಲರ್ ಸಿಲ್ವರ್ ಸರ್ಟಿಫಿಕೇಟ್ ಇದಕ್ಕೆ ಒಳ್ಳೆಯ ಉದಾಹರಣೆ. ಅದು 1935ರಿಂದ '1935 ಎಚ್' ತನಕ ಹೋಯಿತು. ಕೊನೆಯ ನೋಟುಗಳು ಅಚ್ಚಾದದ್ದು 1960ರ ದಶಕದಲ್ಲಿ! ಅಂದರೆ '1935' ಎಂದು ಬರೆದಿರುವ ನೋಟು 1957ರ ಸರಣಿಯ ನೋಟಿಗಿಂತ ಹೊಸದಾಗಿರಲೂಬಹುದು.

ಇಂಥ ಕಡೆ ಇನ್ನೊಂದು ಸುಳಿವು ನೆರವಾಗುತ್ತದೆ. 'ಇನ್ ಗಾಡ್ ವಿ ಟ್ರಸ್ಟ್' ಎಂಬ ಸಾಲು ಅಮೆರಿಕದ ಕಾಗದದ ನೋಟಿನ ಮೇಲೆ ಮೊದಲ ಬಾರಿಗೆ ಕಾಣಿಸಿಕೊಂಡದ್ದು 1957ರ ಅಕ್ಟೋಬರ್‌ನಲ್ಲಿ. '1935 ಜಿ' ನೋಟುಗಳಲ್ಲಿ ಕೆಲವಕ್ಕೆ ಈ ಸಾಲಿದೆ, ಕೆಲವಕ್ಕೆ ಇಲ್ಲ. ಅದರ ಮೇಲೆಯೇ ಅವನ್ನು ಎರಡು ಗುಂಪಾಗಿ ವಿಂಗಡಿಸಲಾಗುತ್ತದೆ.

ಸಹಿ ಹೇಳುವ ಕಥೆ

ದೊಡ್ಡ ನೋಟುಗಳ ಮೇಲೆ ಸಾಮಾನ್ಯವಾಗಿ ಇಬ್ಬರ ಸಹಿ ಅಚ್ಚಾಗಿರುತ್ತದೆ: ಖಜಾನೆಯ ರಿಜಿಸ್ಟ್ರಾರ್ ಮತ್ತು ಟ್ರೆಷರರ್. ಸಣ್ಣ ನೋಟುಗಳಲ್ಲಿ ರಿಜಿಸ್ಟ್ರಾರ್ ಜಾಗಕ್ಕೆ ಖಜಾನೆ ಕಾರ್ಯದರ್ಶಿ ಬಂದರು. ಈ ಇಬ್ಬರೂ ಒಟ್ಟಿಗೆ ಅಧಿಕಾರದಲ್ಲಿದ್ದ ಅವಧಿ ಗೊತ್ತಾದರೆ ನೋಟಿನ ಕಾಲವೂ ಹೆಚ್ಚು ಖಚಿತವಾಗುತ್ತದೆ. ಇಬ್ಬರೂ ಜತೆಗಿದ್ದ ಅವಧಿ ಚಿಕ್ಕದಾಗಿದ್ದರೆ ಆ ಜೋಡಿ ಸಹಿಯ ನೋಟು ಅಪರೂಪವಾಗಿರುವ ಸಾಧ್ಯತೆ ಇದೆ.

ಈ ಸಹಿಗಳಲ್ಲಿ ಅಮೆರಿಕದ ಸಾಮಾಜಿಕ ಇತಿಹಾಸವೂ ಇದೆ. ಗುಲಾಮರಾಗಿ ಹುಟ್ಟಿ, ಸೆನೆಟರ್ ಆಗಿ, 1881ರಲ್ಲಿ ಖಜಾನೆಯ ರಿಜಿಸ್ಟ್ರಾರ್ ಆದ ಬ್ಲಾಂಚ್ ಬ್ರೂಸ್ ಅವರದ್ದು ಅಮೆರಿಕದ ಕರೆನ್ಸಿಯ ಮೇಲೆ ಮೂಡಿದ ಮೊದಲ ಆಫ್ರಿಕನ್ ಅಮೆರಿಕನ್ ಸಹಿ. ಬಳಿಕ ಜಡ್ಸನ್ ಲಯನ್ಸ್, ವಿಲಿಯಂ ವರ್ನನ್ ಮತ್ತು ಜೇಮ್ಸ್ ನೇಪಿಯರ್ ಅದೇ ಹುದ್ದೆಗೆ ಬಂದರು. ಈ ನಾಲ್ವರ ಸಹಿ ಇರುವ ನೋಟುಗಳನ್ನೇ ಸಂಗ್ರಹಿಸುವವರೂ ಇದ್ದಾರೆ.

ಸಹಿಯ ಹೆಸರಿನಲ್ಲಿ ಮೋಸಹೋಗುವುದೂ ಉಂಟು. ಜೋಸೆಫ್ ಬಾರ್ 1968ರ ಡಿಸೆಂಬರ್‌ನಿಂದ 1969ರ ಜನವರಿಯವರೆಗೆ ಸುಮಾರು ಒಂದು ತಿಂಗಳು ಮಾತ್ರ ಖಜಾನೆ ಕಾರ್ಯದರ್ಶಿಯಾಗಿದ್ದರು. ಅವರ ಸಹಿಯ ಒಂದು ಡಾಲರ್ ನೋಟು ಮುಂದೆ ಅಪರೂಪವಾಗುತ್ತದೆಂದು ಜನ ಎತ್ತಿಟ್ಟುಕೊಂಡರು. ಆದರೆ '1963 ಬಿ' ಸರಣಿಯ ಆ ನೋಟು ಅಚ್ಚಾದದ್ದು 45 ಕೋಟಿಗೂ ಹೆಚ್ಚು. ಬಳಸಿದ ಬಾರ್ ನೋಟಿನ ಬೆಲೆ ಇಂದಿಗೂ ಮುಖಬೆಲೆಯ ಆಸುಪಾಸಿನಲ್ಲೇ ಇದೆ. 1976ರ ಸರಣಿಯ 2 ಡಾಲರ್ ನೋಟಿನ ಕಥೆಯೂ ಇದೇ. ಎಲ್ಲರೂ ಎತ್ತಿಟ್ಟರೆ ಯಾವುದೂ ಅಪರೂಪವಾಗುವುದಿಲ್ಲ.

ಕ್ರಮಸಂಖ್ಯೆಯಲ್ಲಿ ನಕ್ಷತ್ರ

ಮುದ್ರಣದ ವೇಳೆ ಹಾಳಾದ ನೋಟಿನ ಬದಲಿಗೆ ಸೇರಿಸುವ ನೋಟಿನ ಕ್ರಮಸಂಖ್ಯೆಯಲ್ಲಿ ನಕ್ಷತ್ರ ಚಿಹ್ನೆ ಇರುತ್ತದೆ. ಈ ಪದ್ಧತಿ 1910ರಲ್ಲಿ ಶುರುವಾಯಿತು. ಇವನ್ನು 'ಸ್ಟಾರ್ ನೋಟ್' ಎನ್ನುತ್ತಾರೆ. ಹಳೆಯ ಸರಣಿಗಳ ಸ್ಟಾರ್ ನೋಟಿಗೆ ಸಾಮಾನ್ಯ ನೋಟಿಗಿಂತ ಹೆಚ್ಚಿನ ಬೇಡಿಕೆ ಇದೆ. ಇತ್ತೀಚಿನ ಸರಣಿಗಳ ಸ್ಟಾರ್ ನೋಟುಗಳೆಲ್ಲ ಅಪರೂಪವಲ್ಲ.

ತೀರಾ ಚಿಕ್ಕ ಸಂಖ್ಯೆ, ಎಲ್ಲ ಅಂಕಿಗಳೂ ಒಂದೇ ಆಗಿರುವ ಸಂಖ್ಯೆ, ಹಿಂದೆಮುಂದೆ ಓದಿದರೂ ಒಂದೇ ಆಗುವ ಸಂಖ್ಯೆಗಳಿಗೂ ಆಸಕ್ತರಿದ್ದಾರೆ.

ಫೆಡರಲ್ ರಿಸರ್ವ್ ನೋಟಿನಲ್ಲಿ ಎ ಇಂದ ಎಲ್ ವರೆಗಿನ ಒಂದು ಅಕ್ಷರ ಕಂಡರೆ ಅದು 12 ಪ್ರಾದೇಶಿಕ ರಿಸರ್ವ್ ಬ್ಯಾಂಕುಗಳಲ್ಲಿ ಒಂದರ ಗುರುತು. ಕ್ರಮವಾಗಿ ಬಾಸ್ಟನ್, ನ್ಯೂಯಾರ್ಕ್, ಫಿಲಡೆಲ್ಫಿಯಾ, ಕ್ಲೀವ್‌ಲ್ಯಾಂಡ್, ರಿಚ್ಮಂಡ್, ಅಟ್ಲಾಂಟಾ, ಷಿಕಾಗೋ, ಸೇಂಟ್ ಲೂಯಿಸ್, ಮಿನಿಯಾಪೊಲಿಸ್, ಕಾನ್ಸಾಸ್ ಸಿಟಿ, ಡಲ್ಲಾಸ್ ಮತ್ತು ಸ್ಯಾನ್ ಫ್ರಾನ್ಸಿಸ್ಕೊ.

ಭಾರತಕ್ಕೆ ಬಂದ ಬೆಳ್ಳಿ, ಅಮೆರಿಕದಲ್ಲಿ ಹುಟ್ಟಿದ ನೋಟು

ಅಮೆರಿಕದ ಹಳೆಯ ನೋಟುಗಳಲ್ಲಿ ಒಂದು ಸರಣಿ ಹುಟ್ಟಿದ್ದೇ ಭಾರತದ ಕಾರಣದಿಂದ. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ಭಾರತದಲ್ಲಿ ಬೆಳ್ಳಿ ರೂಪಾಯಿಗೆ ತೀವ್ರ ಅಭಾವ ಉಂಟಾಯಿತು. 1917ರ ನವೆಂಬರ್‌ನಲ್ಲಿ ಸರ್ಕಾರ ಒಂದು ರೂಪಾಯಿಯ ಕಾಗದದ ನೋಟನ್ನೇ ತಂದಿತು. ಆದರೂ ಜನ ನೋಟು ಕೊಟ್ಟು ಬೆಳ್ಳಿ ರೂಪಾಯಿ ಕೇಳುತ್ತಿದ್ದರು. ಸರ್ಕಾರದ ಬಳಿ ಬೆಳ್ಳಿ ದಾಸ್ತಾನು ಬರಿದಾಗುತ್ತಾ ಬಂತು.

ನೆರವಿಗೆ ಬಂದದ್ದು ಅಮೆರಿಕ. 1918ರ ಏಪ್ರಿಲ್ 23ರಂದು ಜಾರಿಯಾದ ಪಿಟ್‌ಮನ್ ಕಾಯ್ದೆಯಡಿ ಖಜಾನೆಯಲ್ಲಿದ್ದ 27 ಕೋಟಿಗೂ ಹೆಚ್ಚು ಬೆಳ್ಳಿ ಡಾಲರ್ ನಾಣ್ಯಗಳನ್ನು ಕರಗಿಸಲಾಯಿತು. ಅದರಲ್ಲಿ ಸುಮಾರು 25.9 ಕೋಟಿ ನಾಣ್ಯಗಳ ಬೆಳ್ಳಿಯನ್ನು ಭಾರತಕ್ಕಾಗಿ ಬ್ರಿಟನ್‌ಗೆ ಮಾರಲಾಯಿತು.

ಖಜಾನೆಯ ಬೆಳ್ಳಿ ಕರಗಿದ ಮೇಲೆ ಅದರ ಆಧಾರದ ಸಿಲ್ವರ್ ಸರ್ಟಿಫಿಕೇಟ್‌ಗಳನ್ನೂ ಹಿಂಪಡೆಯಬೇಕಾಯಿತು. ಆ ಖಾಲಿ ಜಾಗ ತುಂಬಲು ಬಂದದ್ದೇ 1918ರ ಸರಣಿಯ ಫೆಡರಲ್ ರಿಸರ್ವ್ ಬ್ಯಾಂಕ್ ನೋಟ್‌ಗಳು. ಒಂದು ಡಾಲರ್ ನೋಟಿನ ಹಿಂಬದಿಯಲ್ಲಿ ಧ್ವಜ ಹಿಡಿದ ಹಸಿರು ಹದ್ದು, 2 ಡಾಲರ್ ನೋಟಿನ ಹಿಂಬದಿಯಲ್ಲಿ ಯುದ್ಧನೌಕೆ ಇದೆ. ಎರಡೂ ಸಂಗ್ರಾಹಕರಿಗೆ ಅಚ್ಚುಮೆಚ್ಚು. ಇವುಗಳ ಸೀಲ್ ನೀಲಿ, ಆದರೆ ಇವು ಸಿಲ್ವರ್ ಸರ್ಟಿಫಿಕೇಟ್ ಅಲ್ಲ. ಭಾರತೀಯ ಸಂಗ್ರಾಹಕರಿಗೆ ಅರ್ಥಪೂರ್ಣವಾದ ಅಮೆರಿಕನ್ ನೋಟು ಬೇಕಿದ್ದರೆ ಇದೇ.

1861ಕ್ಕಿಂತ ಹಿಂದಿನವು

ಪಾಶ್ಚಾತ್ಯ ಜಗತ್ತಿನಲ್ಲಿ ಸರ್ಕಾರವೊಂದು ಹೊರಡಿಸಿದ ಮೊದಲ ಕಾಗದದ ಹಣ ಮ್ಯಾಸಚೂಸೆಟ್ಸ್ ವಸಾಹತಿನದು. 1690ರಲ್ಲಿ ಕೆನಡಾ ಮೇಲಿನ ದಂಡಯಾತ್ರೆಯಿಂದ ಮರಳಿದ ಸೈನಿಕರಿಗೆ ಸಂಬಳ ಕೊಡಲು ಅದನ್ನು ತರಲಾಯಿತು. ಮುಂದೆ ಬೆಂಜಮಿನ್ ಫ್ರ್ಯಾಂಕ್ಲಿನ್ ನೋಟು ಮುದ್ರಕರಾದರು. ನಿಜವಾದ ಎಲೆಯ ನರಗಳ ಅಚ್ಚನ್ನು ನೋಟಿನ ಮೇಲೆ ಮೂಡಿಸಿದರೆ ಖೋಟಾ ಮಾಡುವುದು ಕಷ್ಟ ಎಂಬುದು ಅವರ ಉಪಾಯ. ಆ ಕಾಲದ ಹಲವು ನೋಟುಗಳ ಮೇಲೆ, ಖೋಟಾ ಮಾಡಿದವರಿಗೆ ಮರಣವೇ ಶಿಕ್ಷೆ ಎಂಬ ಎಚ್ಚರಿಕೆಯೂ ಇತ್ತು.

ಬ್ರಿಟನ್ ವಿರುದ್ಧದ ಸ್ವಾತಂತ್ರ್ಯ ಯುದ್ಧಕ್ಕಾಗಿ 1775ರಿಂದ 1779ರವರೆಗೆ ಸುಮಾರು 24 ಕೋಟಿ ಡಾಲರ್ ಮೊತ್ತದ 'ಕಾಂಟಿನೆಂಟಲ್' ನೋಟುಗಳು ಬಂದವು. ಮಿತಿಮೀರಿದ ಮುದ್ರಣ ಮತ್ತು ಬ್ರಿಟಿಷರು ಹರಿಯಬಿಟ್ಟ ಖೋಟಾ ನೋಟುಗಳಿಂದ ಅವುಗಳ ಬೆಲೆ ನೆಲಕಚ್ಚಿತು. ಯುದ್ಧದ ಬಳಿಕ 100 ಡಾಲರ್‌ನ ನೋಟುಗಳಿಗೆ 1 ಡಾಲರ್‌ನ ಬಾಂಡ್ ಮಾತ್ರ ಸಿಕ್ಕಿತು. ಅಸಲಿ ಕಾಂಟಿನೆಂಟಲ್ ನೋಟಿನ ಸಹಿ ಮತ್ತು ಸಂಖ್ಯೆ ಕೈಬರಹದಲ್ಲಿರುತ್ತವೆ. ಕಾಗದದಲ್ಲಿ ಅಭ್ರಕದ ಸಣ್ಣ ಚೂರುಗಳು ಬೆಳಕಿಗೆ ಹೊಳೆಯುತ್ತವೆ.

ಆಮೇಲೆ ಬಂದದ್ದು ಖಾಸಗಿ ಬ್ಯಾಂಕುಗಳ ಕಾಲ. ಅಂತರ್ಯುದ್ಧದವರೆಗೂ ಸಾವಿರಾರು ಬ್ಯಾಂಕುಗಳು ಮನಬಂದಂತೆ ನೋಟು ಹೊರಡಿಸಿದವು. ಹಲವು ದಿವಾಳಿಯಾದವು. ಹಾಗಾಗಿ ಇವಕ್ಕೆ 'ಬ್ರೋಕನ್ ಬ್ಯಾಂಕ್ ನೋಟ್' ಎಂಬ ಹೆಸರು. ಅಂತರ್ಯುದ್ಧ ಮುಗಿಯುವ ಹೊತ್ತಿಗೆ ಚಲಾವಣೆಯಲ್ಲಿದ್ದ ನೋಟುಗಳಲ್ಲಿ ಮೂರನೇ ಒಂದು ಭಾಗದಷ್ಟು ಖೋಟಾ ಇದ್ದವು ಎಂಬ ಅಂದಾಜಿದೆ. ಇಂದು ಅಧ್ಯಕ್ಷರ ಭದ್ರತೆಗೆ ಹೆಸರಾದ ಸೀಕ್ರೆಟ್ ಸರ್ವಿಸ್ 1865ರ ಜುಲೈನಲ್ಲಿ ಹುಟ್ಟಿದ್ದೇ ಖೋಟಾ ನೋಟು ತಡೆಯಲು.

ಈ ಬ್ಯಾಂಕ್ ನೋಟುಗಳ ಚಿತ್ರಗಳು ಬಹಳ ಸುಂದರ. ರೈಲು, ಹಡಗು, ರೈತರು, ಅಷ್ಟೇ ಏಕೆ, ಸಾಂಟಾ ಕ್ಲಾಸ್ ಚಿತ್ರವಿರುವ ನೋಟುಗಳೂ ಇವೆ. ಸಹಿ ಹಾಕದೆ ಉಳಿದ ನೋಟುಗಳು ಅಗ್ಗದಲ್ಲಿ ಸಿಗುವುದರಿಂದ ಹೊಸ ಸಂಗ್ರಾಹಕರು ಇಲ್ಲಿಂದ ಶುರು ಮಾಡುವುದುಂಟು.

ಅತಿ ಹೆಚ್ಚು ಗೊಂದಲ: ಕಾನ್ಫೆಡರೇಟ್ ನೋಟು

1861ರಲ್ಲಿ ಗುಲಾಮಗಿರಿಯ ಪರವಾಗಿ ನಿಂತು ಪ್ರತ್ಯೇಕಗೊಂಡ ದಕ್ಷಿಣದ ರಾಜ್ಯಗಳು ತಮ್ಮದೇ ನೋಟು ಹೊರಡಿಸಿದವು. ಉತ್ತರದೊಂದಿಗೆ ಶಾಂತಿ ಒಪ್ಪಂದವಾದ ಇಂತಿಷ್ಟು ಕಾಲದ ಬಳಿಕ ಹಣ ಕೊಡುತ್ತೇವೆ ಎಂಬ ವಾಗ್ದಾನ ಅವುಗಳ ಮೇಲಿತ್ತು. ಶಾಂತಿ ಒಪ್ಪಂದವೂ ಆಗಲಿಲ್ಲ, ಹಣವೂ ಬರಲಿಲ್ಲ. ದಕ್ಷಿಣ ಸೋತಿತು. 1868ರಲ್ಲಿ ಬಂದ ಸಂವಿಧಾನದ 14ನೇ ತಿದ್ದುಪಡಿ ಆ ಸಾಲವನ್ನೆಲ್ಲ ಅನೂರ್ಜಿತಗೊಳಿಸಿತು.

1862ರ 100 ಡಾಲರ್ ನೋಟೊಂದರ ಮೇಲೆ ಹತ್ತಿ ಹೊಲದಲ್ಲಿ ಗುದ್ದಲಿ ಹಿಡಿದ ಗುಲಾಮರ ಚಿತ್ರವಿದೆ. ಆ ಆರ್ಥಿಕತೆ ಯಾರ ದುಡಿಮೆಯ ಮೇಲೆ ನಿಂತಿತ್ತು ಎಂಬುದನ್ನು ನೋಟೇ ಹೇಳುತ್ತದೆ. ಇಂದು ಇವಕ್ಕೆ ಇರುವುದು ಸಂಗ್ರಹದ ಬೆಲೆ ಮಾತ್ರ. 1861ರಲ್ಲಿ ಮಾಂಟ್‌ಗೊಮರಿಯ ಹೆಸರಿನಲ್ಲಿ ಬಂದ ಮೊದಲ ನೋಟುಗಳು ಬಹಳ ಅಪರೂಪ. 1864ರ ಫೆಬ್ರವರಿ 17ರ ದಿನಾಂಕದವು ತೀರಾ ಸಾಮಾನ್ಯ.

ಇವುಗಳ ನಕಲಿನ ಇತಿಹಾಸ ಯುದ್ಧದಷ್ಟೇ ಹಳೆಯದು. ಫಿಲಡೆಲ್ಫಿಯಾದ ವ್ಯಾಪಾರಿ ಸ್ಯಾಮ್ಯುಯೆಲ್ ಅಪ್‌ಹಮ್ 1862ರಲ್ಲೇ ಇವುಗಳ ನಕಲು ಮುದ್ರಿಸಿ ಸ್ಮರಣಿಕೆ ಎಂದು ಮಾರಿದರು. ಅಂಚಿನಲ್ಲಿ ತಮ್ಮ ಅಂಗಡಿಯ ಹೆಸರನ್ನೂ ಹಾಕಿದ್ದರು. ಜನ ಆ ಅಂಚನ್ನು ಕತ್ತರಿಸಿ ದಕ್ಷಿಣದಲ್ಲಿ ಚಲಾಯಿಸಿದರು. ಈಗ ಅಪ್‌ಹಮ್ ನಕಲುಗಳನ್ನೂ ಸಂಗ್ರಹಿಸುತ್ತಾರೆ. ಆದರೆ 20ನೇ ಶತಮಾನದಲ್ಲಿ ಸ್ಮರಣಿಕೆಯಾಗಿ ಅಚ್ಚಾದ ರಾಶಿ ರಾಶಿ ಪ್ರತಿಗಳಿಗೆ ಬೆಲೆಯಿಲ್ಲ.

ನಕಲು ಪತ್ತೆ ಹೇಗೆ?

• ಕಾಗದ: ಸ್ಮರಣಿಕೆ ನಕಲುಗಳು ಹೆಚ್ಚಾಗಿ ಹಳದಿ-ಕಂದು ಬಣ್ಣದ, ಸುಕ್ಕುಗಟ್ಟಿದ, ಗರಿಗರಿ ಕಾಗದದಲ್ಲಿರುತ್ತವೆ. ಹಳೆಯದೆಂದು ತೋರಿಸಲೆಂದೇ ಹಾಗೆ ಮಾಡಿರುತ್ತಾರೆ. ಅಸಲಿ ಕಾನ್ಫೆಡರೇಟ್ ನೋಟಿನ ಕಾಗದ ಸಾಮಾನ್ಯವಾಗಿ ತೆಳು, ಮೃದು.

• ಸಹಿ: 50 ಸೆಂಟ್ ನೋಟು ಬಿಟ್ಟರೆ ಕಾನ್ಫೆಡರೇಟ್ ನೋಟುಗಳ ಸಹಿ ಶಾಯಿಯಲ್ಲಿ ಕೈಯಾರೆ ಹಾಕಿದ್ದು. ಆ ಶಾಯಿ ಕಾಲಕ್ರಮೇಣ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಸಹಿಯೂ ಚಿತ್ರವೂ ಒಂದೇ ಕಪ್ಪು ಬಣ್ಣದಲ್ಲಿ ಅಚ್ಚಾಗಿದ್ದರೆ ಅನುಮಾನ ಪಡಿ.

• ಮುದ್ರಣ: ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ನೋಡಿ. ಕೇಂದ್ರ ಸರ್ಕಾರದ ಅಸಲಿ ನೋಟಿನ ಭಾವಚಿತ್ರದಲ್ಲಿ ಚೂಪಾದ, ಬೆರಳಿಗೆ ತುಸು ಉಬ್ಬಿದಂತೆ ತಾಕುವ ಗೆರೆಗಳಿರುತ್ತವೆ. ನಕಲಿನಲ್ಲಿ ಚುಕ್ಕೆಗಳು ಕಾಣಬಹುದು.

• ಬೆಳಕು: ಅತಿನೇರಳೆ ದೀಪದಡಿ ಕಾಗದ ಬೆಳ್ಳಗೆ ಪ್ರಜ್ವಲಿಸಿದರೆ ಅದು ಆಧುನಿಕ ಕಾಗದ ಎಂಬುದಕ್ಕೆ ಸೂಚನೆ.

• 'ಕಾಪಿ' ಎಂಬ ಮುದ್ರೆ: ಸಂಗ್ರಹದ ನಾಣ್ಯ-ನೋಟುಗಳ ನಕಲಿನ ಮೇಲೆ 'ಕಾಪಿ' ಎಂದು ಬರೆಯುವುದನ್ನು ಅಮೆರಿಕ 1973ರ ಕಾನೂನಿನಿಂದ ಕಡ್ಡಾಯಗೊಳಿಸಿದೆ. ಅದಕ್ಕೂ ಹಿಂದಿನ ನಕಲುಗಳಲ್ಲಿ ಈ ಪದ ಇರುವುದಿಲ್ಲ.

1934ರ ಸರಣಿಯ 1,00,000 ಡಾಲರ್ ಗೋಲ್ಡ್ ಸರ್ಟಿಫಿಕೇಟ್ ಮಾರಾಟಕ್ಕಿದೆ ಎಂದು ಯಾರಾದರೂ ಹೇಳಿದರೆ ಪರೀಕ್ಷೆಯೇ ಬೇಕಿಲ್ಲ. ವುಡ್ರೊ ವಿಲ್ಸನ್ ಚಿತ್ರದ ಆ ನೋಟು ಫೆಡರಲ್ ರಿಸರ್ವ್ ಬ್ಯಾಂಕುಗಳ ನಡುವಿನ ವ್ಯವಹಾರಕ್ಕೆ ಮಾತ್ರ ಬಳಕೆಯಾಯಿತು. ಖಾಸಗಿಯವರು ಅದನ್ನು ಹೊಂದುವುದು ಕಾನೂನುಬಾಹಿರ. ಆದರೆ 500, 1,000, 5,000 ಮತ್ತು 10,000 ಡಾಲರ್ ನೋಟುಗಳು ಹಾಗಲ್ಲ. ಅವುಗಳ ಮುದ್ರಣ 1945ಕ್ಕೆ, ವಿತರಣೆ 1969ಕ್ಕೆ ನಿಂತರೂ ಇಟ್ಟುಕೊಳ್ಳಬಹುದು, ಮಾರಬಹುದು.

ಒಂದು ಮಡಿಕೆಗೂ ಬೆಲೆಯಿದೆ

ನೋಟಿನ ಸ್ಥಿತಿಯನ್ನು 1ರಿಂದ 70ರ ಅಂಕದಲ್ಲಿ ಅಳೆಯಲಾಗುತ್ತದೆ. 60ಕ್ಕಿಂತ ಮೇಲಿದ್ದರೆ ಅದು ಚಲಾವಣೆಗೇ ಹೋಗದ ನೋಟು. 20ರಿಂದ 35ರ ಒಳಗಿದ್ದರೆ ಬಳಸಿದ, ಆದರೆ ಚೆನ್ನಾಗಿ ಉಳಿದ ನೋಟು. ನಡುವೆ ಒಂದೇ ಒಂದು ಮಡಿಕೆ ಬಿದ್ದರೂ ಅಂಕ ಇಳಿಯುತ್ತದೆ, ಬೆಲೆಯೂ ಇಳಿಯುತ್ತದೆ. ಪಿಎಂಜಿ ಮತ್ತು ಪಿಸಿಜಿಎಸ್ ಎಂಬ ಸಂಸ್ಥೆಗಳು ನೋಟನ್ನು ಪರೀಕ್ಷಿಸಿ, ಅಂಕ ನಮೂದಿಸಿ, ಪಾರದರ್ಶಕ ಹೊದಿಕೆಯಲ್ಲಿ ಮುಚ್ಚಿ ಕೊಡುತ್ತವೆ. ಇದಕ್ಕೆ ಶುಲ್ಕವಿದೆ. ಹಾಗಾಗಿ ಸಾಮಾನ್ಯ ನೋಟಿಗೆ ಇದನ್ನು ಮಾಡಿಸುವುದು ನಷ್ಟ.

ಹೊಸಬರು ಮಾಡುವ ದೊಡ್ಡ ತಪ್ಪು, ನೋಟನ್ನು ಚೊಕ್ಕಟ ಮಾಡಲು ಹೋಗುವುದು. ತೊಳೆಯುವುದು, ಇಸ್ತ್ರಿ ಮಾಡುವುದು, ಹರಿದ ಕಡೆ ಸೆಲ್ಲೋಟೇಪ್ ಹಚ್ಚುವುದು, ರಬ್ಬರ್‌ನಿಂದ ಉಜ್ಜುವುದು ಇವೆಲ್ಲ ಪರಿಣತರಿಗೆ ತಕ್ಷಣ ಗೊತ್ತಾಗುತ್ತವೆ. ಕೊಳೆಯಾದ ಅಸಲಿ ನೋಟಿಗೆ ತೊಳೆದ ನೋಟಿಗಿಂತ ಹೆಚ್ಚಿನ ಬೆಲೆ ಸಿಗುತ್ತದೆ. ನೋಟನ್ನು ಪಿವಿಸಿ ಕವರ್‌ನಲ್ಲಿ ಇಡಬೇಡಿ. ಅದರಿಂದ ಹೊರಬರುವ ರಾಸಾಯನಿಕ ಕಾಗದವನ್ನು ಹಾಳುಮಾಡುತ್ತದೆ. ಪಾಲಿಯೆಸ್ಟರ್ ಅಂದರೆ ಮೈಲಾರ್ ಕವರ್ ಒಳ್ಳೆಯದು. ಮುಂಬೈ, ಚೆನ್ನೈನಂಥ ಕಡಲತೀರದ ಊರುಗಳಲ್ಲಿ ತೇವಾಂಶ ತಗಲದಂತೆ ನೋಡಿಕೊಳ್ಳಬೇಕು.

ಬೆಲೆ ಎಲ್ಲಿ ನೋಡಬೇಕು?

ಅಮೆರಿಕದ ನೋಟುಗಳಿಗೆ 'ಫ್ರೀಡ್‌ಬರ್ಗ್ ಸಂಖ್ಯೆ' ಎಂಬ ಗುರುತು ಇದೆ. ರಾಬರ್ಟ್ ಫ್ರೀಡ್‌ಬರ್ಗ್ 1953ರಲ್ಲಿ ಪ್ರಕಟಿಸಿದ ಕ್ಯಾಟಲಾಗ್‌ನಿಂದ ಬಂದ ಈ ಸಂಖ್ಯೆಯನ್ನೇ ಹರಾಜು ಸಂಸ್ಥೆಗಳು ಬಳಸುತ್ತವೆ. ಬಗೆ, ಮುಖಬೆಲೆ, ಸರಣಿ, ಸಹಿ ಇಷ್ಟು ಗೊತ್ತಾದರೆ ಈ ಸಂಖ್ಯೆ ಸಿಗುತ್ತದೆ. ಬಳಿಕ ಅದೇ ಸಂಖ್ಯೆಯ, ಅದೇ ಸ್ಥಿತಿಯ ನೋಟು ಹಿಂದಿನ ಹರಾಜುಗಳಲ್ಲಿ ಎಷ್ಟಕ್ಕೆ ಹೋಗಿದೆ ಎಂಬುದನ್ನು ನೋಡಿ. ಮಾರಾಟಗಾರ ಕೇಳುವ ಬೆಲೆ ಬೇರೆ, ನಿಜವಾಗಿ ಮಾರಾಟವಾದ ಬೆಲೆ ಬೇರೆ.

ಭಾರತದಲ್ಲಿರುವವರು ಗಮನಿಸಬೇಕಾದದ್ದು

ಹಳೆಯ ಡಾಲರ್ ನೋಟು ಅಮೆರಿಕದಲ್ಲಿ ಮಾನ್ಯವಾದ್ದರಿಂದ ಅದು ವಿದೇಶಿ ಕರೆನ್ಸಿಯೂ ಹೌದು. ವಿದೇಶಿ ವಿನಿಮಯ ನಿಯಮಗಳ ಪ್ರಕಾರ ಭಾರತದ ನಿವಾಸಿಯೊಬ್ಬರು ಕಾನೂನುಬದ್ಧವಾಗಿ ಪಡೆದ ವಿದೇಶಿ ನೋಟುಗಳನ್ನು 2,000 ಡಾಲರ್ ಅಥವಾ ಅದಕ್ಕೆ ಸಮನಾದ ಮೊತ್ತದವರೆಗೆ ಇಟ್ಟುಕೊಳ್ಳಬಹುದು. ವಿದೇಶದಿಂದ ಬರುವಾಗ 5,000 ಡಾಲರ್‌ಗಿಂತ ಹೆಚ್ಚಿನ ನೋಟುಗಳಿದ್ದರೆ ಕಸ್ಟಮ್ಸ್‌ಗೆ ಘೋಷಿಸಬೇಕು. ಇಲ್ಲಿನ ಮನಿ ಚೇಂಜರ್‌ಗಳು ಹಳೆಯ ಸರಣಿಯ ನೋಟು ತೆಗೆದುಕೊಳ್ಳಲು ಸಾಮಾನ್ಯವಾಗಿ ಹಿಂದೇಟು ಹಾಕುತ್ತಾರೆ.

ಕೊನೆಯದಾಗಿ, ಹಳೆಯ ನೋಟಿನ ಹೆಸರಿನಲ್ಲಿ ನಡೆಯುವ ವಂಚನೆ. ತನ್ನ ಹೆಸರು ಮತ್ತು ಲಾಂಛನ ಬಳಸಿ, ಹಳೆಯ ನೋಟು-ನಾಣ್ಯ ಖರೀದಿಯ ನೆಪದಲ್ಲಿ ಶುಲ್ಕ, ಕಮಿಷನ್ ಅಥವಾ ತೆರಿಗೆ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿತ್ತು. ಡಾಲರ್ ನೋಟಿಗೂ ಇದೇ ಮಾತು ಅನ್ವಯ. ನಿಜವಾದ ಖರೀದಿದಾರ ಮೊದಲು ಕೇಳುವುದು ನೋಟಿನ ಎರಡೂ ಬದಿಯ ಸ್ಪಷ್ಟ ಚಿತ್ರವನ್ನು, ಮುಂಗಡ ಹಣವನ್ನಲ್ಲ.